ಬೇತಮಂಗಲದ ಕೆರೆ ಮತ್ತು ಊರಿನ ಕೊಳಚೆ



ಮಲೆಯ ಊರುಗಳ ಬಚ್ಚಲು ನೀರು ಹಳ್ಳಕ್ಕೆ ಬಿದ್ದೊಡನೆ ಕಣ್ಣಿಗೆ ಮರೆಯಾಗುತ್ತದೆ. ಮರೆಯಾದುದು ಇಲ್ಲವಾಯಿತೆಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ಬಯಲುಸೀಮೆಯ ಕೆರೆಯಲ್ಲಿ ಈ ಭ್ರಮೆಗೆ ಎಡೆಯಿಲ್ಲ. ಬಂದ ನೀರು ಅಲ್ಲಿ ನಿಲ್ಲುತ್ತದೆ, ಹೊತ್ತು ತಂದುದನ್ನು ಅಲ್ಲಿಯೇ ಇಳಿಸುತ್ತದೆ. ಆದುದರಿಂದ ಇಂದಿನ ಮಾತಿಗೆ ಕೋಲಾರ ಜಿಲ್ಲೆಯ ಬೇತಮಂಗಲದ ಕೆರೆಯನ್ನು ಆರಿಸಿಕೊಳ್ಳಲಾಗಿದೆ.

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ನದಿ ಕರ್ನಾಟಕದಲ್ಲಿ 93 ಕಿ.ಮೀ. ಹರಿದು, ಆಂಧ್ರವನ್ನು ದಾಟಿ ತಮಿಳುನಾಡನ್ನು ಸೇರುತ್ತದೆ. ವರ್ಷದ ಬಹುಕಾಲ ಅದು ನದಿಯಲ್ಲ, ಕೆರೆಗಳ ಸರಪಳಿ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಬೇತಮಂಗಲದ ಕೆರೆ ಆ ಸರಪಳಿಯ ದೊಡ್ಡ ಕೊಂಡಿ. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದ ಕೆರೆಯನ್ನು ನೊಳಂಬರ ಹಾಗೂ ಹೊಯ್ಸಳರ ಕಾಲದಲ್ಲಿ ಮತ್ತೆ ಕಟ್ಟಿಸಿದ ಸಂಗತಿ ಶಾಸನಗಳಲ್ಲಿದೆ. 20ನೆಯ ಶತಮಾನದಲ್ಲಿ ಇದೇ ಕೆರೆಯ ನೀರನ್ನು ಶುದ್ಧಗೊಳಿಸಿ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಪಂಪು ಮಾಡಲಾಗುತ್ತಿತ್ತು. ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ವಿದ್ಯುತ್ತು ಬಂದುದನ್ನು ಎಲ್ಲರೂ ನೆನೆಯುತ್ತಾರೆ. ಗಣಿ ಕಾರ್ಮಿಕರಿಗೆ ಕುಡಿಯಲು ನೀರು ಕೊಟ್ಟ ಕೆರೆಯನ್ನು ನೆನೆಯುವವರು ಕಡಿಮೆ. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಕೆರೆ ಉಳಿದಿದೆ.

ಇಂಥ ಕೆರೆಗೆ ಕೊಳಚೆ ಸೇರಿದರೆ ಆಗುವುದೇನು? ದುರ್ವಾಸನೆ, ರೋಗಾಣು ಎಲ್ಲರಿಗೂ ತಿಳಿದವು. ಕಾಣದ ಪೆಟ್ಟು ಸಾರಜನಕ ಮತ್ತು ರಂಜಕದ್ದು. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಕಿಲೋ ಸಾರಜನಕವಿರುತ್ತದೆ. 10,000 ಜನರ ಊರಿನ ಲೆಕ್ಕ ಹಾಕಿದರೆ ಅದು ಸಾವಿರಕ್ಕೂ ಮೀರಿದ ಯೂರಿಯಾ ಚೀಲಗಳಿಗೆ ಸಮ! ಈ ಗೊಬ್ಬರ ನೀರಿಗಿಳಿದರೆ ಪಾಚಿ ಮತ್ತು ಜೊಂಡು ಕೊಬ್ಬುತ್ತವೆ. ಅವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ, ಮೀನು ತೇಲುತ್ತದೆ. ಸಾಮಾನ್ಯವಾದ ಎರಡು ಹಂತದ ಸಂಸ್ಕರಣೆ ಕೊಳೆಯುವ ವಸ್ತುವನ್ನು ಬಹುಮಟ್ಟಿಗೆ ತೆಗೆಯುತ್ತದೆಯೇ ಹೊರತು ಈ ಗೊಬ್ಬರವನ್ನು ಪೂರ್ತಿ ತೆಗೆಯುವುದಿಲ್ಲ. ನೀರು ತಿಳಿಯಾಗಿ ಕಂಡರೂ ಕೆರೆಗೆ ಸುರಕ್ಷಿತವಲ್ಲ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಿತು. ಮರುತಿಂಗಳೇ ನೊರೆ ಎದ್ದು, ಹೈಕೋರ್ಟು ಕೆಲಕಾಲ ತಡೆ ನೀಡಿತು. ಒಣಗಿದ ಕೆರೆ ತುಂಬಿದಾಗ ರೈತನಿಗಾದ ಸಂತೋಷವನ್ನು ಹಗುರವಾಗಿ ಕಾಣಬಾರದು; ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಹೋರಾಟಗಾರರ ಬೇಡಿಕೆಯೂ ನ್ಯಾಯವಾದುದೇ. ಆದರೆ ಮಹಾನಗರದ ನೀರಿನ ವಾದದಲ್ಲಿ ನಮ್ಮದೇ ಸಣ್ಣ ಪಟ್ಟಣಗಳ ಚರಂಡಿ ಮರೆತುಹೋಗುತ್ತದೆ.

ಸಣ್ಣ ಊರು ಮಹಾನಗರದ ಯಂತ್ರಗಳನ್ನು ನಕಲು ಮಾಡಬೇಕಾಗಿಲ್ಲ. ಒಳಚರಂಡಿಯಿಲ್ಲದ ಊರಿನಲ್ಲಿ ಶೌಚಗುಂಡಿಯನ್ನು ಬರಿದು ಮಾಡುವ ಟ್ಯಾಂಕರು ರಾತ್ರಿ ಎಲ್ಲಿ ಸುರಿಯುತ್ತದೆ ಎಂಬುದೇ ಮೊದಲ ಪ್ರಶ್ನೆ. ದೇವನಹಳ್ಳಿ ಪಟ್ಟಣ ಇದಕ್ಕೆ 2015ರಲ್ಲಿ ಉತ್ತರ ಕಂಡುಕೊಂಡಿತು. ಅಲ್ಲಿನ ಘಟಕದಲ್ಲಿ ಕೆಸರನ್ನು ಹುದುಗಿಸಿ, ಒಣಹಾಸುಗಳಲ್ಲಿ ಒಣಗಿಸಿ, ಹಸಿಕಸದೊಡನೆ ಕಾಂಪೋಸ್ಟು ಮಾಡುತ್ತಾರೆ. ಬಸಿದ ನೀರನ್ನು ಗಿಡ ನೆಟ್ಟ ಜಲ್ಲಿಹಾಸಿನಲ್ಲಿ ಸೋಸುತ್ತಾರೆ. ಕಾಂಪೋಸ್ಟಿನ ರಾಶಿ 55 ಡಿಗ್ರಿಗೂ ಮೇಲೆ ಕೆಲವು ದಿನ ಕಾಯ್ದರೆ ಜಂತುವಿನ ಮೊಟ್ಟೆಗಳು ಸಾಯುತ್ತವೆ. ಈ ಹಂತದಲ್ಲಿ ಅವಸರ ಮಾಡಿದರೆ ಗೊಬ್ಬರವೇ ರೋಗ ಹರಡುತ್ತದೆ.

ಬಚ್ಚಲು ನೀರಿಗೂ ಇಂಥದೇ ಜಲ್ಲಿಹಾಸು ಸಾಕು. ಸೋಸಿದ ನೀರನ್ನು ಕೆರೆಗೆ ಬಿಡದೆ ಹಿಪ್ಪುನೇರಳೆಗೆ, ಮೇವಿನ ಹುಲ್ಲಿಗೆ ಕೊಡಬೇಕು. ಕೋಲಾರದ ರೈತನಿಗೆ ಇವೆರಡೂ ಪರಿಚಿತ ಬೆಳೆಗಳು. ಹಸಿಯಾಗಿ ತಿನ್ನುವ ಸೊಪ್ಪಿಗೆ, ಟೊಮೆಟೊಗೆ ಅದು ಸಲ್ಲದು.

ಇನ್ನೊಂದು ತೊಡಕಿದೆ. ಜಲ್ಲಿಹಾಸನ್ನು ಬೇಸಗೆಯ ಹರಿವಿಗೆ ಅಳೆದು ಕಟ್ಟಿರುತ್ತಾರೆ. ಮೊದಲ ಮಳೆ ಚರಂಡಿಯಲ್ಲಿ ಕೂತ ವರ್ಷದ ಹೊಲಸನ್ನೆಲ್ಲ ಒಮ್ಮೆಲೇ ಹೊತ್ತು, ಹಾಸಿನ ಮೇಲೆಯೇ ಹಾದು ರಾಜಕಾಲುವೆಗೆ ಇಳಿಯುತ್ತದೆ. ಚರಂಡಿಯ ಹೂಳನ್ನು ಏಪ್ರಿಲಿನಲ್ಲಿಯೇ ತೆಗೆಯಬೇಕು. ತೆಗೆದುದನ್ನು ಅಲ್ಲಿಯೇ ಬದಿಗೆ ಎಳೆದಿಟ್ಟರೆ ಪ್ರಯೋಜನವಿಲ್ಲ, ಅದು ಜೂನಿನಲ್ಲಿ ಮತ್ತೆ ಚರಂಡಿಯೊಳಗೇ ಇರುತ್ತದೆ.