ವಿಡಿಯೋ ಎಡಿಟಿಂಗ್‌ಗೆ ಎಂಥ ಕಂಪ್ಯೂಟರ್?

(ಸಂಘದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ವಿಡಿಯೋ ಎಡಿಟಿಂಗ್‌ಗೆ ಯಾವ ಕಂಪ್ಯೂಟರ್ ಕೊಳ್ಳಬೇಕು ಎಂಬ ವಿಷಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಮೇಲ್ನೋಟಕ್ಕೆ ಇದು ಅಂಗಡಿಯವರು ಹೇಳಬೇಕಾದ ವಿಷಯವೆನಿಸಬಹುದು. ಆದರೆ ನಮ್ಮಲ್ಲಿ ಅನೇಕ ಮನೆಗಳಲ್ಲಿ ಮಗನಿಗೋ ಮಗಳಿಗೋ ಒಳ್ಳೆಯ ಕಂಪ್ಯೂಟರ್ ಕೊಡಿಸುವುದೆಂದರೆ ಸಾಲ ಮಾಡುವುದು ಅಥವಾ ಒಡವೆ ಅಡವಿಡುವುದು ಎಂದೇ ಅರ್ಥ. ಮದುವೆ, ಶಾಲಾ ವಾರ್ಷಿಕೋತ್ಸವ, ಅಂಗಡಿಗಳ ಜಾಹೀರಾತು ಮುಂತಾದವುಗಳ ವಿಡಿಯೋ ಮಾಡಿ ಬಂದ ಹಣದಲ್ಲಿ ಆ ಸಾಲ ತೀರಬೇಕು. ಅದರಲ್ಲಿ ಅರ್ಧ ಹಣ ಕೆಲಸಕ್ಕೆ ಬಾರದ ಬಿಡಿಭಾಗಕ್ಕೆ ಹೋಯಿತೆಂದು ಸಾಲದ ಕಂತೇನೂ ಅರ್ಧವಾಗುವುದಿಲ್ಲ.

ಸಾಮಾನ್ಯವಾಗಿ ನಾವು ಮೊದಲು ಕಂಪ್ಯೂಟರ್ ತರುತ್ತೇವೆ, ಆಮೇಲೆ ಅದಕ್ಕೆ ಸಾಫ್ಟ್‌ವೇರ್ ಹುಡುಕುತ್ತೇವೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ನನ್ನ ಮಾತಿನ ಸಾರ. ನೀವು ಎಡಿಟ್ ಮಾಡುವ ಚಿತ್ರ ಯಾವ ಕ್ಯಾಮೆರಾದಿಂದ ಬರುತ್ತದೆ, ಅದನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೀರಿ, ಆ ಸಾಫ್ಟ್‌ವೇರ್ ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ನಡೆಯುತ್ತದೆ ಎಂದು ತಿಳಿದ ಮೇಲೆ ಯಂತ್ರದ ಮಾತು.

ಮೊಬೈಲ್ ಮತ್ತು ಸಾಮಾನ್ಯ ಕ್ಯಾಮೆರಾಗಳು ಚಿತ್ರವನ್ನು ಎಚ್.264 ಅಥವಾ ಎಚ್.265 ಎಂಬ ವಿಧಾನದಲ್ಲಿ ಕುಗ್ಗಿಸಿ ಇಡುತ್ತವೆ. ಸೆಕೆಂಡಿಗೆ 25 ಚಿತ್ರಗಳಿದ್ದರೆ ಆ 25ನ್ನೂ ಪೂರ್ತಿಯಾಗಿ ಇಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ, ಉಳಿದಂತೆ ಹಿಂದಿನ ಅಥವಾ ಮುಂದಿನ ಚಿತ್ರಕ್ಕಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ಫೈಲು ಚಿಕ್ಕದಾಗುವುದು ಇದರಿಂದಲೇ. ನೋಡುವವನಿಗೆ ಇದರಿಂದ ತೊಂದರೆಯಿಲ್ಲ, ಅವನು ಮುಂದಕ್ಕೆ ಮಾತ್ರ ಹೋಗುತ್ತಾನೆ. ಎಡಿಟ್ ಮಾಡುವವನು ಹಿಂದೆ ಮುಂದೆ ಓಡಾಡುತ್ತಾನೆ, ನಡುವಿನಲ್ಲಿ ಕತ್ತರಿಸುತ್ತಾನೆ. ಪ್ರತಿ ಸಲವೂ ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರವನ್ನು ಹುಡುಕಿ, ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ಕಂಪ್ಯೂಟರ್ ತಡವರಿಸುವುದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಕಾರಣ ಇದೇ.

ಈ ಲೆಕ್ಕವನ್ನೇ ಮಾಡಲು ಪ್ರೊಸೆಸರ್‌ನೊಳಗೆ ಪ್ರತ್ಯೇಕ ಸೌಲಭ್ಯವಿರುತ್ತದೆ. ಇಂಟೆಲ್ 2011ರಿಂದ 'ಕ್ವಿಕ್ ಸಿಂಕ್' ಎಂಬ ಹೆಸರಿನಲ್ಲಿ ಇದನ್ನು ಕೊಡುತ್ತಾ ಬಂದಿದೆ. ಇದು ಇರುವುದು ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಭಾಗದಲ್ಲಿ. ಇಂಟೆಲ್ ಪ್ರೊಸೆಸರ್‌ನ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿದ್ದರೆ ಆ ಗ್ರಾಫಿಕ್ಸ್ ಭಾಗ ಅದರಲ್ಲಿಲ್ಲ ಎಂದು ತಿಳಿಯಬೇಕು. ಸ್ವಲ್ಪ ಅಗ್ಗವೆಂದು ಅಂಗಡಿಯವರು ಅದನ್ನೇ ಬರೆದುಕೊಡುವುದುಂಟು. ಆಟ ಆಡುವವರಿಗೆ ಪರವಾಗಿಲ್ಲ, ನಮಗೆ ಅದು ನಷ್ಟ.

ಇತ್ತೀಚೆಗೆ ಒಬ್ಬ ಪೋಷಕರು ಒಂದು ಅಂಗಡಿಯ ಕೊಟೇಶನ್ ತಂದು ತೋರಿಸಿದರು. ಒಟ್ಟು ಮೊತ್ತದ ಹತ್ತಿರ ಹತ್ತಿರ ಅರ್ಧ ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು. ಬಣ್ಣದ ದೀಪಗಳಿರುವ ಕ್ಯಾಬಿನೆಟ್ ಬೇರೆ. ರ‍್ಯಾಮ್ ಮಾತ್ರ 8 ಜಿಬಿ. ಬ್ಯಾಕಪ್‌ಗೆಂದು ಡಿಸ್ಕ್ ಇರಲೇ ಇಲ್ಲ. ಅವರ ಮಗ ಮಾಡಲಿರುವುದು ಮದುವೆಯ ವಿಡಿಯೋ! ಕತ್ತರಿಸುವುದು, ಜೋಡಿಸುವುದು, ಬಣ್ಣ ತಿದ್ದುವುದು, ಹೆಸರು ಹಾಕುವುದು. ಗ್ರಾಫಿಕ್ಸ್ ಕಾರ್ಡ್ ಬೇಡವೆಂದಲ್ಲ. ಭಾರಿ ಬಣ್ಣ ತಿದ್ದುವಿಕೆ, ಶಬ್ದದಂತೆ ಕಾಣುವ ಚಿತ್ರದ ಕಾಳುಕಾಳನ್ನು ತೆಗೆಯುವುದು, ಇವಕ್ಕೆ ಅದು ಬೇಕೇ ಬೇಕು. ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರ್ ಅದನ್ನೇ ಹೆಚ್ಚು ನೆಚ್ಚಿಕೊಂಡಿದೆ. ಆದರೆ ಮಧ್ಯಮ ದರ್ಜೆಯ ಕಾರ್ಡ್ ಸಾಕು. ಉಳಿದ ಹಣದಲ್ಲಿ ರ‍್ಯಾಮನ್ನು 32 ಜಿಬಿ ಮಾಡಿಕೊಳ್ಳಿ, ಕೈಲಾಗದಿದ್ದರೆ 16 ಜಿಬಿಗಿಂತ ಕೆಳಗೆ ಇಳಿಯಬೇಡಿ. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು, ಆದ್ದರಿಂದ ಹಳೆಯ ದರ ನೆನಪಿಟ್ಟುಕೊಂಡು ಅಂಗಡಿಗೆ ಹೋಗಬೇಡಿ.

ಇಷ್ಟೂ ಹಣವಿಲ್ಲದವರು ನಿರಾಶರಾಗಬೇಕಾಗಿಲ್ಲ. ಪ್ರಾಕ್ಸಿ ಎಂಬ ಉಪಾಯವಿದೆ. ದೊಡ್ಡ ಫೈಲಿನ ಹಗುರವಾದ ಪ್ರತಿಯೊಂದನ್ನು ಸಾಫ್ಟ್‌ವೇರ್ ಮಾಡಿಕೊಡುತ್ತದೆ. ನೀವು ಅದರಲ್ಲಿ ಎಡಿಟ್ ಮಾಡುತ್ತೀರಿ, ಕೊನೆಗೆ ಹೊರತೆಗೆಯುವಾಗ ಮೂಲ ಚಿತ್ರವೇ ಬಳಕೆಯಾಗುತ್ತದೆ. ರಾತ್ರಿ ಪ್ರಾಕ್ಸಿಗೆ ಹಚ್ಚಿ ಮಲಗಿದರೆ ಬೆಳಿಗ್ಗೆ ಹಳೆಯ ಯಂತ್ರದಲ್ಲೂ ಕೆಲಸ ನಡೆಯುತ್ತದೆ. 2020ರಲ್ಲಿ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದ ಕೊರಿಯಾದ 'ಪ್ಯಾರಸೈಟ್' ಚಿತ್ರವನ್ನು ಎಡಿಟ್ ಮಾಡಿದ್ದು ಫೈನಲ್ ಕಟ್ ಪ್ರೊ 7ರಲ್ಲಿ. ಆಪಲ್ ಕಂಪನಿ 2011ರಲ್ಲೇ ಕೈಬಿಟ್ಟಿದ್ದ ಸಾಫ್ಟ್‌ವೇರ್ ಅದು.

ಇನ್ನು ಆಪರೇಟಿಂಗ್ ಸಿಸ್ಟಂ. ಅಡೋಬಿ ಪ್ರೀಮಿಯರ್ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ, ಚಂದಾ ಕಟ್ಟುತ್ತಲೇ ಇರಬೇಕು. ಫೈನಲ್ ಕಟ್ ಪ್ರೊ ಬೇಕೆಂದರೆ ಮ್ಯಾಕ್ ಕಂಪ್ಯೂಟರೇ ಆಗಬೇಕು. ರಿಸಾಲ್ವ್ ಮೂರರಲ್ಲೂ ನಡೆಯುತ್ತದೆ, ಅದರ ಉಚಿತ ಆವೃತ್ತಿ 4ಕೆ ಅಲ್ಟ್ರಾ ಎಚ್‌ಡಿವರೆಗೆ ಹೊರತೆಗೆಯಲು ಬಿಡುತ್ತದೆ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಪೂರ್ತಿ ಉಚಿತ. ಇಷ್ಟೆಲ್ಲ ಧರ್ಮಕ್ಕೆ ಸಿಗುವಾಗ ಕದ್ದ ಪ್ರೀಮಿಯರ್ ಹಾಕಿಸಿಕೊಂಡು ಅದರೊಂದಿಗೆ ವೈರಸ್ಸನ್ನೂ ಮನೆಗೆ ಕರೆತರುವುದು ಯಾವ ಜಾಣತನ?

ಲಿನಕ್ಸ್ ಬಗ್ಗೆ ವಿದ್ಯಾರ್ಥಿಗಳಿಗೆ ಉತ್ಸಾಹವಿರುವುದನ್ನು ಬಲ್ಲೆ, ನನಗೂ ಇದೆ. ಶಾಲಾ ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಲಿನಕ್ಸ್ ಮತ್ತು ಕೆಡೆನ್‌ಲೈವ್ ಹಾಕಿ ಕಲಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ರಿಸಾಲ್ವ್‌ಗಾಗಿ ಲಿನಕ್ಸ್ ಆರಿಸುವವರು ಎಚ್ಚರದಿಂದಿರಬೇಕು. ಅಲ್ಲಿ ಉಚಿತ ಆವೃತ್ತಿ ಮೊಬೈಲಿನ ಎಚ್.264 ಫೈಲನ್ನು ನೇರವಾಗಿ ತೆರೆಯದೆ ಬಹಳ ಮಂದಿಯನ್ನು ಸತಾಯಿಸಿದೆ. ಪ್ರತಿ ಫೈಲನ್ನೂ ಬೇರೆ ರೂಪಕ್ಕೆ ಪರಿವರ್ತಿಸಬೇಕು, ಆಗ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಬೇಕೆಂದಿರುವವರು ಅಲ್ಲಿ ಯಾವುದನ್ನು ಬಳಸುತ್ತಾರೆಂದು ಮೊದಲೇ ವಿಚಾರಿಸಿ ಅದನ್ನೇ ಕಲಿಯುವುದು ಲೇಸು.

ನಮಗಷ್ಟೇ ಇರುವ ಒಂದು ಪರೀಕ್ಷೆಯಿದೆ. ಟೈಟಲ್‌ನಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆಯೇ? ಯೂನಿಕೋಡ್‌ನಲ್ಲಿ 'ಸ್ವಾತಂತ್ರ್ಯ' ಎಂದು ಬರೆದು ನೋಡಿ. ಒತ್ತಕ್ಷರ ಬಿಡಿಬಿಡಿಯಾಗಿ ಚದುರಿದರೆ ಸಾಫ್ಟ್‌ವೇರ್‌ಗೆ ನಮ್ಮ ಲಿಪಿ ಜೋಡಿಸಲು ಬರುತ್ತಿಲ್ಲವೆಂದು ಅರ್ಥ. ಪ್ರೀಮಿಯರ್‌ನಲ್ಲಿ ಇದಕ್ಕೆ ದಕ್ಷಿಣ ಏಷ್ಯಾ ಭಾಷೆಗಳ ಪಠ್ಯ ವ್ಯವಸ್ಥೆಯನ್ನು ಸೆಟ್ಟಿಂಗ್‌ನಲ್ಲಿ ಆರಿಸಬೇಕು. ಆಮಂತ್ರಣದ ಸಾಲುಗಳನ್ನು ಉರ್ದುವಿನಲ್ಲಿ ಹಾಕುವವರು ಅದನ್ನೂ ಹೀಗೆಯೇ ಪರೀಕ್ಷಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸ್ಥೂಲವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕೂ ಹಳೆಯದನ್ನು ಅಗ್ಗವೆಂದು ತರಬೇಡಿ. ಮ್ಯಾಕ್ ಮಿನಿ ಎಂ4 2024ರಲ್ಲಿ 16 ಜಿಬಿ ಮೆಮೊರಿಯೊಂದಿಗೆ 59,900 ರೂಪಾಯಿಗೆ ಬಂದಾಗ ಈ ಕೆಲಸಕ್ಕೆ ಒಳ್ಳೆಯ ಆಯ್ಕೆಯಾಯಿತು. ಆದರೆ ಅದರ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು, ಮಾನಿಟರ್, ಕೀಬೋರ್ಡ್ ಬೇರೆಯೇ ಕೊಳ್ಳಬೇಕು.

ಕೊನೆಯದು ಸಂಗ್ರಹ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದ 4ಕೆ ಚಿತ್ರ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ, ತಲಾ ನಾಲ್ಕು ಗಂಟೆ ಎಂದರೆ 360 ಜಿಬಿ, ಅದೂ ಒಂದೇ ಮದುವೆಗೆ. ಸಾಫ್ಟ್‌ವೇರ್‌ಗೆ ಮತ್ತು ನಡೆಯುತ್ತಿರುವ ಕೆಲಸಕ್ಕೆ ಎಸ್‌ಎಸ್‌ಡಿ ಇರಲಿ, ಮುಗಿದದ್ದನ್ನು ಸಾಮಾನ್ಯ ಹಾರ್ಡ್ ಡಿಸ್ಕಿಗೆ ಹಾಕಿ. ಎರಡು ಬೇರೆ ಬೇರೆ ಡಿಸ್ಕಿಗೆ ಪ್ರತಿ ಮಾಡಿ ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬೇಡಿ. ಗ್ರಾಫಿಕ್ಸ್ ಕಾರ್ಡ್ ಕೆಟ್ಟರೆ ಇನ್ನೊಂದು ತರಬಹುದು, ಯಾರದೋ ಮಗಳ ಮದುವೆಯನ್ನು ಮತ್ತೆ ಮಾಡಿಸಲಾಗದು. ಕರೆಂಟು ಹೋಗುವ ಊರಿನಲ್ಲಿ ಯುಪಿಎಸ್ ಕೂಡ ಈ ಲೆಕ್ಕದಲ್ಲೇ ಸೇರಬೇಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಕ್ಯಾಮೆರಾದ ಎರಡು ಫೈಲುಗಳನ್ನು ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ನೀವು ಬಳಸಲಿರುವ ಸಾಫ್ಟ್‌ವೇರ್‌ನಲ್ಲೇ ತೆರೆಸಿ, ಹಿಂದೆ ಮುಂದೆ ಓಡಿಸಿ ನೋಡಿ, ಕನ್ನಡದಲ್ಲಿ ಒಂದು ಹೆಸರು ಬರೆಸಿ. ಉಚಿತ ಮತ್ತು ಹಣ ಕೊಟ್ಟ ಆವೃತ್ತಿಗಳ ನಡುವೆ ಈ ವಿಷಯದಲ್ಲಿ ವ್ಯತ್ಯಾಸವಿರುತ್ತದೆ, ಆದ್ದರಿಂದ ಯಾವುದನ್ನು ಬಳಸುತ್ತೀರೋ ಅದರಲ್ಲೇ ನೋಡಬೇಕು. ತೋರಿಸಲು ಅಂಗಡಿಯವರು ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.