ಹ್ಯಾಮ್‌ಸ್ಟರ್ ಮಂಕಾದ್ರೆ ‘ನಾಳೆ ನೋಡೋಣ’ ಅನ್ಬೇಡಿ

ಇವತ್ತಿನ ಎಪಿಸೋಡ್ ಅಂಗೈಯಲ್ಲಿ ಹಿಡಿಸೋ ಪ್ರಾಣಿ ಬಗ್ಗೆ. ಹ್ಯಾಮ್‌ಸ್ಟರ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಕೇಳ್ತಿರೋರು ಸ್ವಲ್ಪ ಗಮನ ಕೊಡಿ. ದಾವಣಗೆರೆಯಿಂದಲೋ ಬೆಂಗಳೂರಿಂದಲೋ ಹ್ಯಾಮ್‌ಸ್ಟರ್‌ನ ಡಬ್ಬಿಯಲ್ಲಿ ಹಾಕ್ಕೊಂಡು ಬಸ್ ಹತ್ತೋದು ಸುಲಭ. ಅದಕ್ಕೆ ಹುಷಾರಿಲ್ಲ ಅಂದಾಗ ಎಲ್ಲಿಗೆ ಹೋಗ್ಬೇಕು ಅನ್ನೋದೇ ಕಷ್ಟ. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗೆ ದಿನಾ ಬರೋದು ಹಸು, ಎಮ್ಮೆ, ಕುರಿ, ಮೇಕೆ. ನೂರು ಗ್ರಾಂ ಪ್ರಾಣಿ ಹಿಡ್ಕೊಂಡು ಅಲ್ಲಿ ನಿಲ್ಲೋಕೆ ಮುಜುಗರ. “ಇಲಿಗೂ ಡಾಕ್ಟರಾ?” ಅಂತ ಮನೇಲೇ ನಗ್ತಾರೆ. ಈ ಮುಜುಗರದಲ್ಲಿ ಒಂದು ದಿನ ಕಳೆದುಹೋಗುತ್ತೆ.

ಆ ಒಂದು ದಿನದ ಲೆಕ್ಕ ಹಾಕೋಣ. ಹ್ಯಾಮ್‌ಸ್ಟರ್ ಬದುಕೋದು ಸುಮಾರು 2 ವರ್ಷ. ನಮ್ಮದು 70 ಅಂದ್ಕೊಂಡ್ರೆ, ಅದರ ಒಂದು ದಿನ ನಮ್ಮ ಒಂದು ತಿಂಗಳಿಗಿಂತ ಜಾಸ್ತಿ. ನಾನು ಕಾಮರ್ಸ್ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಔಷಧಿ ಹೇಳಲ್ಲ. ಕಾಯಿಲೆ ಗುರುತು ಹಿಡಿಯೋದು ಹೇಗೆ, ಯಾವಾಗ ಓಡ್ಬೇಕು, ಇಷ್ಟು ಹೇಳ್ತೀನಿ.

ಹ್ಯಾಮ್‌ಸ್ಟರ್ ಬೇರೆ ಪ್ರಾಣಿಗಳಿಗೆ ಆಹಾರ ಆಗೋ ಪ್ರಾಣಿ. ಕಾಡಲ್ಲಿ ಸೊರಗಿದ್ದು ಮೊದಲು ಸಿಕ್ಕಿಬೀಳುತ್ತೆ. ಅದಕ್ಕೇ ಕಾಯಿಲೆನ ಕೊನೆವರೆಗೂ ಮುಚ್ಚಿಡುತ್ತೆ. ನಮ್ಮ ಕಣ್ಣಿಗೆ ಬೀಳೋ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತೆ. ಹಗಲು ನಿದ್ದೆ ಮಾಡೋದು ಸಹಜ, ಅದನ್ನ ನೋಡಿ ಗಾಬರಿ ಬೇಡ. ರಾತ್ರಿ ಒಂಬತ್ತು, ಹತ್ತರ ಮೇಲೆ ನೋಡಿ. ಚಕ್ರ ಓಡಿಸ್ತಿದೆಯಾ, ತಿಂತಿದೆಯಾ, ಮೈ ನೆಕ್ಕಿ ಚೊಕ್ಕ ಮಾಡ್ಕೊಳ್ತಿದೆಯಾ?

ವಾರಕ್ಕೊಮ್ಮೆ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಒಂದು ಬಟ್ಟಲಿಟ್ಟು ತೂಕ ಮಾಡಿ ಬರೆದಿಡಿ. ಹಳೇ ಲೆಕ್ಕ ಇಲ್ಲದೆ ನಷ್ಟ ಗೊತ್ತಾಗಲ್ಲ. ದೊಡ್ಡ ಜಾತಿಯ ಸಿರಿಯನ್ ಹ್ಯಾಮ್‌ಸ್ಟರ್ ಸಾಮಾನ್ಯವಾಗಿ 100ರಿಂದ 150 ಗ್ರಾಂ ಇರುತ್ತೆ. 120 ಇದ್ದದ್ದು 108 ಆಯ್ತು ಅಂದ್ರೆ ಹತ್ತರಲ್ಲೊಂದು ಪಾಲು ಹೋಯ್ತು. ತುಪ್ಪಳದ ಕೆಳಗೆ ಅದು ಕಣ್ಣಿಗೆ ಕಾಣಲ್ಲ, ತಕ್ಕಡಿಗೆ ಕಾಣುತ್ತೆ. ಅಷ್ಟು ಇಳಿದ್ರೆ ಡಾಕ್ಟರ್‌ಗೆ ತೋರಿಸಿ.

ಕೆಲವು ಕಾಯಿಲೆ ಅಲ್ಲ. ಸಿರಿಯನ್ ಹ್ಯಾಮ್‌ಸ್ಟರ್‌ನ ಸೊಂಟದ ಎರಡೂ ಕಡೆ ಕಪ್ಪು ಚುಕ್ಕೆ ಇರುತ್ತೆ, ಅದು ವಾಸನೆ ಗ್ರಂಥಿ. ಹಲ್ಲು ಹಳದಿ ಇರೋದೇ ಸರಿ. ಕೆನ್ನೆ ಉಬ್ಬಿದ್ರೆ ಒಳಗೆ ಕಾಳು ತುಂಬ್ಕೊಂಡಿರುತ್ತೆ. ಆದ್ರೆ ಒಂದೇ ಕೆನ್ನೆ ಉಬ್ಬಿ ಮಾರನೇ ದಿನಕ್ಕೂ ಹಾಗೇ ಇದ್ರೆ ತೋರಿಸಬೇಕು.

ಈಗ ಅದೇ ದಿನ ಓಡ್ಬೇಕಾದ ಲಕ್ಷಣಗಳು. ಬಾಲದ ಸುತ್ತ ಒದ್ದೆ, ನೀರು ನೀರಾದ ಭೇದಿ. ಇದಕ್ಕೆ ವೆಟ್ ಟೇಲ್ ಅಂತಾರೆ. ಹೆಚ್ಚಾಗಿ ಮರಿಗಳಿಗೆ, ತಾಯಿ ಬಿಟ್ಟು, ಪ್ರಯಾಣ ಮಾಡಿ, ಹೊಸ ಮನೆಗೆ ಬಂದ ಮೊದಲ ದಿನಗಳಲ್ಲೇ ಬರುತ್ತೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಇನ್ನು ಉಸಿರಾಡುವಾಗ ಕಟಕಟ ಸದ್ದು, ಮೂಗು ಸೋರೋದು, ಕಣ್ಣು ಅಂಟಿಕೊಳ್ಳೋದು, ರಾತ್ರಿಯಿಡೀ ಊಟ ಬಿಡೋದು, ತಲೆ ಒಂದೇ ಕಡೆ ವಾಲಿಸಿ ಸುತ್ತೋದು, ಎಲ್ಲಿಂದಲಾದ್ರೂ ರಕ್ತ, ಹೊಸ ಗಂಟು, ಬಿದ್ದು ಕಾಲು ಎಳೆಯೋದು. ಯಾವುದಿದ್ರೂ ಕಾಯಬೇಡಿ.

ಮೈ ತಣ್ಣಗಾಗಿ ಅಲ್ಲಾಡದೇ ಇದ್ರೆ “ಚಳಿಗೆ ದೀರ್ಘನಿದ್ದೆ ಮಾಡ್ತಿದೆ” ಅಂತ ಯೂಟ್ಯೂಬ್ ನೋಡಿ ಸುಮ್ಮನಾಗ್ತೀವಿ. ಆ ವಿಡಿಯೊಗಳು ಹೆಚ್ಚಾಗಿ ಚಳಿದೇಶದ್ದು. ಅಂಥ ನಿದ್ದೆಗೆ ಕೊರೆಯೋ ಚಳಿ ಬೇಕು, ಹೊನ್ನಾಳಿಯ ಡಿಸೆಂಬರ್ ಸಾಕಾಗಲ್ಲ. ನಮ್ಮ ಕಡೆ ಮೈ ತಣ್ಣಗಾಗಿದೆ ಅಂದ್ರೆ ಕಾಯಿಲೆ ಅಂತಲೇ ತಿಳ್ಕೊಳ್ಳಿ. ಅಂಗೈಯಲ್ಲಿ ನಿಧಾನಕ್ಕೆ ಬೆಚ್ಚಗೆ ಮಾಡ್ತಾ ಡಾಕ್ಟರ್‌ಗೆ ಫೋನ್ ಹಚ್ಚಿ.

ನಮ್ಮಲ್ಲಿ ನಿಜವಾದ ಶತ್ರು ಬಿಸಿಲು. ಜಗಳೂರಲ್ಲಿ ಮಾರ್ಚ್, ಏಪ್ರಿಲ್‌ಗೆ 35 ಡಿಗ್ರಿ ದಾಟುತ್ತೆ. ಈ ಪ್ರಾಣಿ ಮೂಲದಲ್ಲಿ ಸಿರಿಯಾ ಕಡೆ ನೆಲದಡಿ ಆಳದ ಬಿಲದಲ್ಲಿ ತಂಪಾಗಿ ಇರೋದು. ಶೀಟಿನ ಮನೆಯ ಪಂಜರದಲ್ಲಿ ಅದಕ್ಕೆ ಬಿಲ ಎಲ್ಲಿದೆ? ಮೈ ಚಾಚಿ ಬಿದ್ದು ಏದುಸಿರು ಬಿಡ್ತಿದ್ರೆ ತಂಪಾದ ನೆಲಕ್ಕೆ ತನ್ನಿ, ಒದ್ದೆ ಬಟ್ಟೆ ಕಾಲಿಗೆ ತಾಗಿಸಿ, ಡಾಕ್ಟರ್ ಹತ್ರ ಹೊರಡಿ. ತಣ್ಣೀರಲ್ಲಿ ಮುಳುಗಿಸಬೇಡಿ.

ಇನ್ನೊಂದು ಮಾತು, ಇದನ್ನ ಖಂಡಿತ ಮರೀಬೇಡಿ. ಮೆಡಿಕಲ್ ಶಾಪಿಂದ ಮಾತ್ರೆ ತಂದು ಪುಡಿ ಮಾಡಿ ಕೊಡಬೇಡಿ. ನಮಗೆ ಕೊಡೋ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಥರದ ಆ್ಯಂಟಿಬಯಾಟಿಕ್ ಹ್ಯಾಮ್‌ಸ್ಟರ್ ಕರುಳಿನ ಒಳ್ಳೇ ಬ್ಯಾಕ್ಟೀರಿಯಾ ಕೊಂದು, ವಿಷ ಉಂಟುಮಾಡೋ ಬ್ಯಾಕ್ಟೀರಿಯಾಗೆ ಜಾಗ ಮಾಡಿಕೊಡುತ್ತೆ. ಕಾಯಿಲೆಯಿಂದ ಉಳಿಯಬಹುದಾಗಿದ್ದ ಪ್ರಾಣಿ ಔಷಧಿಯಿಂದಲೇ ಸಾಯಬಹುದು.

ಹಾಗಾದ್ರೆ ಎಲ್ಲಿಗೆ? ಮೊದಲು ನಿಮ್ಮ ತಾಲ್ಲೂಕು ಪಶುವೈದ್ಯರಿಗೇ ಫೋನ್ ಮಾಡಿ, ಹ್ಯಾಮ್‌ಸ್ಟರ್ ನೋಡ್ತೀರಾ ಅಂತ ಕೇಳಿ. ಅವರು ನೋಡದಿದ್ರೂ ಯಾರು ನೋಡ್ತಾರೆ ಅಂತ ಹೇಳಬಹುದು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಜಗಳೂರಿನವರು ದಾವಣಗೆರೆಯಲ್ಲಿ ವಿಚಾರಿಸಿ. 1962 ಸಹಾಯವಾಣಿ ಮುಖ್ಯವಾಗಿ ಜಾನುವಾರುಗಳಿಗೆ, ಅದೊಂದನ್ನೇ ನಂಬ್ಕೊಂಡು ಕೂರಬೇಡಿ. ಹೋಗುವಾಗ ಗಾಳಿ ಆಡೋ ಸಣ್ಣ ಡಬ್ಬಿ, ಅದರದೇ ಹಾಸು, ಹಿಕ್ಕೆಯ ಸ್ಯಾಂಪಲ್, ತೂಕದ ಪುಸ್ತಕ, ಮೊಬೈಲಲ್ಲಿ ಒಂದು ವಿಡಿಯೊ ಇರಲಿ. ಹ್ಯಾಮ್‌ಸ್ಟರ್ ದಿನಾ ನೋಡದ ಡಾಕ್ಟರ್‌ಗೂ ಇವು ಅರ್ಧ ಕೆಲಸ ಮಾಡಿಕೊಡುತ್ತೆ.

ಕೊನೇದಾಗಿ ದುಡ್ಡಿನ ಮಾತು. ತಂದ ಬೆಲೆಗಿಂತ ಬಸ್ ಚಾರ್ಜು, ಫೀಸೇ ಜಾಸ್ತಿ ಆಗಬಹುದು. ಆದ್ರೆ ಬೆಲೆ ಕಮ್ಮಿ ಅಂತ ನೋವು ಕಮ್ಮಿ ಇರಲ್ಲ. ಎರಡು ವರ್ಷ ದಾಟಿದ ಪ್ರಾಣಿ ವಾಸಿ ಆಗಲ್ಲ ಅಂದ್ರೂ, ನರಳದೇ ಹೋಗೋ ದಾರಿ ಕೇಳೋಕಾದ್ರೂ ಡಾಕ್ಟರ್ ಬೇಕು. ಅದೂ ಸಹಾಯವೇ.

ಇವತ್ತು ರಾತ್ರಿ ಎರಡೇ ಕೆಲಸ ಮಾಡಿ. ತೂಕ ಬರೀರಿ, ಹ್ಯಾಮ್‌ಸ್ಟರ್ ನೋಡೋ ಡಾಕ್ಟರ್ ನಂಬರ್ ಹುಡುಕಿ ಸೇವ್ ಮಾಡ್ಕೊಳ್ಳಿ. ಮನೇಲಿ ಹ್ಯಾಮ್‌ಸ್ಟರ್ ಇರೋ ಫ್ರೆಂಡ್‌ಗೂ ಇದನ್ನ ಕಳಿಸಿ.