ಅಶೋಕನ ಪಶ್ಚಾತ್ತಾಪವನ್ನು ಹೇಗೆ ಅಳೆಯೋಣ?

(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇತಿಹಾಸದ ಯಾವುದಾದರೂ ವಿಷಯ ಮಾತಾಡಿ, ಆದರೆ ಮಕ್ಕಳಿಗೆ ತಿಳಿಯಬೇಕು, ಊರಿನವರಿಗೂ ಬೇಸರವಾಗಬಾರದು ಎಂದು ಸಂಘಟಕರು ಹೇಳಿದ್ದಾರೆ. ಹಾಗಾಗಿ ಇಲ್ಲಿ ಕುಳಿತಿರುವ ಹಳೆಯ ವಿದ್ಯಾರ್ಥಿಗಳೆಲ್ಲರೂ ಒಂದಲ್ಲ ಒಂದು ಪರೀಕ್ಷೆಯಲ್ಲಿ ಉತ್ತರಿಸಿರುವ ಪ್ರಶ್ನೆಯನ್ನೇ ಆರಿಸಿಕೊಂಡಿದ್ದೇನೆ. ಕಳಿಂಗ ಯುದ್ಧದ ಪರಿಣಾಮವೇನು? "ಅಶೋಕನು ಪಶ್ಚಾತ್ತಾಪಪಟ್ಟು ಯುದ್ಧವನ್ನು ತ್ಯಜಿಸಿದನು" ಎಂದು ಬರೆದರೆ ಅಂಕ ಸಿಗುತ್ತದೆ. ಉತ್ತರ ತಪ್ಪಲ್ಲ. ಆದರೆ ಒಂದು ಲಕ್ಷ ಜನ ಸತ್ತ ಸಂಗತಿ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ವಾಕ್ಯವನ್ನು ಇವತ್ತು ಸ್ವಲ್ಪ ಬಿಡಿಸಿ ನೋಡೋಣ.

ಅಶೋಕ ನಮಗೆ ದೂರದವನಲ್ಲ. ನಮ್ಮ ಶಾಲೆಯ ಧ್ವಜದ ನಡುವೆ ಇರುವ 24 ಅರೆಗಳ ಚಕ್ರ ಅವನದು. ನಿಮ್ಮ ಜೇಬಿನ ನೋಟಿನ ಮೇಲಿರುವ ಸಿಂಹಗಳು ಅವನ ಸಾರನಾಥದ ಕಂಬದವು. ಇನ್ನೂ ಹತ್ತಿರ ಬರಬೇಕೆಂದರೆ, ಚಿತ್ರದುರ್ಗ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ಅವನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ, ನಮ್ಮ ಹಿರಿಯರು ಕಾಗದ ಬರೆಯುತ್ತಿದ್ದ ಹಾಗೆ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತು ಅಲ್ಲಿದೆ. ಕೊನೆಗೆ ಬರೆದವನು ಚಪಡ ಎಂದು ಲಿಪಿಕಾರನ ಹೆಸರೂ ಇದೆ. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಯುದ್ಧದ ವಿಷಯ. ಪಟ್ಟಾಭಿಷೇಕವಾಗಿ 8 ವರ್ಷ ಕಳೆದಾಗ, ಅಂದರೆ ಸುಮಾರು ಕ್ರಿ.ಪೂ. 261ರಲ್ಲಿ, ಅಶೋಕ ಕಳಿಂಗವನ್ನು ಗೆದ್ದ. ಅದರ ಲೆಕ್ಕವನ್ನು ಕೊಟ್ಟವರು ಶತ್ರುಗಳಲ್ಲ, ಸ್ವತಃ ಅವನೇ. 13ನೆಯ ಬಂಡೆಶಾಸನದಲ್ಲಿ ಅವನು ಹೇಳಿಸಿರುವಂತೆ ಸೆರೆಹಿಡಿದು ಸಾಗಿಸಿದವರು ಒಂದೂವರೆ ಲಕ್ಷ, ಅಲ್ಲಿಯೇ ಕೊಲ್ಲಲ್ಪಟ್ಟವರು ಒಂದು ಲಕ್ಷ, ಬೇರೆ ರೀತಿಯಲ್ಲಿ ಸತ್ತವರು ಅದರ ಹಲವು ಪಟ್ಟು. ಅಷ್ಟಕ್ಕೇ ಅವನು ನಿಲ್ಲಿಸುವುದಿಲ್ಲ. ತಮಗೆ ಗಾಯವಾಗದೆ ಉಳಿದವರೂ ಬಂಧುಮಿತ್ರರ ಕಷ್ಟ ಕಂಡು ನೊಂದರು, ಆ ನೋವೂ ಯುದ್ಧದ ಪೆಟ್ಟೇ ಎನ್ನುತ್ತಾನೆ. ಅಂದು ಸತ್ತವರಲ್ಲಿ ನೂರನೆಯ ಒಂದು ಪಾಲು, ಸಾವಿರದ ಒಂದು ಪಾಲು ಜನರಿಗೆ ಈಗ ಹಾಗಾದರೂ ತನಗೆ ದುಃಖವೇ ಎನ್ನುತ್ತಾನೆ. ತನ್ನ ಮಕ್ಕಳು ಮೊಮ್ಮಕ್ಕಳು ಹೊಸ ದಿಗ್ವಿಜಯದ ಯೋಚನೆ ಮಾಡಬಾರದು ಎಂದೂ ಹೇಳುತ್ತಾನೆ. ವಿಜಯಗಳ ಪಟ್ಟಿ ಮಾಡಿಸಿದ ರಾಜರ ಶಾಸನಗಳು ನಮ್ಮಲ್ಲಿ ಸಾವಿರಾರಿವೆ. ಗೆದ್ದವನೇ ಗೆಲುವಿಗಾಗಿ ನೊಂದೆ ಎಂದು ಕಲ್ಲಿನಲ್ಲಿ ಬರೆಸಿದ್ದು ಅಪರೂಪದಲ್ಲಿ ಅಪರೂಪ.

ಇದಿಷ್ಟು ಜಮೆಯ ಕಡೆ. ಇನ್ನೊಂದು ಕಡೆಯನ್ನೂ ನೋಡಬೇಕು.

ನಮ್ಮ ಹಳ್ಳಿಗಳಲ್ಲಿ ಬದುವಿನ ಜಗಳ ಯಾರಿಗೆ ಗೊತ್ತಿಲ್ಲ? ಪಕ್ಕದವನ ಹೊಲಕ್ಕೆ ಎರಡು ಸಾಲು ಒತ್ತಿದವನು ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಕೈಮುಗಿದು, ತಪ್ಪಾಯಿತು ಎನ್ನುತ್ತಾನೆ. ಹಿರಿಯರು ಸಂತೋಷಪಡುತ್ತಾರೆ. ಆಗ ಯಾರೋ ಒಬ್ಬ ಅಜ್ಜ ಮೆಲ್ಲಗೆ ಕೇಳುತ್ತಾನೆ: "ಅದೆಲ್ಲಾ ಸರಿಯಪ್ಪ, ಬದು ಹಿಂದಕ್ಕೆ ಹಾಕಿದೆಯಾ?"

ಅಶೋಕನನ್ನು ಇದೇ ಪ್ರಶ್ನೆ ಕೇಳಿದರೆ ಉತ್ತರ ಕಷ್ಟ. ಕಳಿಂಗವನ್ನು ಅವನು ಬಿಟ್ಟುಕೊಡಲಿಲ್ಲ. ಸಾಗಿಸಿದ ಒಂದೂವರೆ ಲಕ್ಷ ಜನರನ್ನು ಊರಿಗೆ ವಾಪಸು ಕಳಿಸಿದೆ ಎಂದು ಅವನ ಯಾವ ಶಾಸನದಲ್ಲೂ ಹೇಳಿಲ್ಲ. ಅದೇ 13ನೆಯ ಶಾಸನದಲ್ಲಿ ಕಾಡಿನ ಜನರಿಗೆ ಒಂದು ಎಚ್ಚರಿಕೆಯೂ ಇದೆ: ರಾಜ ಪಶ್ಚಾತ್ತಾಪಪಟ್ಟಿದ್ದಾನೆ, ಆದರೆ ಅವನಿಗೆ ಶಕ್ತಿ ಇದೆ, ನೀವು ತಿದ್ದಿಕೊಳ್ಳಿ, ಕೊಲ್ಲಿಸಿಕೊಳ್ಳಬೇಡಿ ಎಂಬ ಅರ್ಥದ ಮಾತು. ಮರಣದಂಡನೆಯನ್ನೂ ಅವನು ರದ್ದು ಮಾಡಲಿಲ್ಲ. ಶಿಕ್ಷೆಗೆ ಗುರಿಯಾದವರಿಗೆ 3 ದಿನಗಳ ಅವಧಿ ಕೊಡಿಸಿದ, ಅಷ್ಟೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಆ ಪಶ್ಚಾತ್ತಾಪದ ಶಾಸನ ಗಿರ್ನಾರಿನಲ್ಲಿದೆ, ಕಾಲ್ಸಿಯಲ್ಲಿದೆ, ಈಗಿನ ಪಾಕಿಸ್ತಾನದ ಶಹಬಾಜ್‌ಗಢಿಯಲ್ಲಿದೆ. ನಮಗೆ ಹತ್ತಿರವೆಂದರೆ ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಆದರೆ ಕಳಿಂಗದ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಅದನ್ನು ಕೊರೆಸಲಿಲ್ಲ! ಅದರ ಜಾಗದಲ್ಲಿ ಬೇರೆ ಎರಡು ಶಾಸನಗಳನ್ನು ಹಾಕಿಸಿದ. ಕ್ಷಮೆಯ ಮಾತು ಎಲ್ಲರಿಗೂ ಕೇಳಿಸಿತು, ಪೆಟ್ಟು ತಿಂದವರ ನಾಡಿನ ಬಂಡೆಯಲ್ಲಿ ಮಾತ್ರ ಇಲ್ಲ.

ಹಾಗೆಂದು ಆ ಎರಡು ಶಾಸನಗಳು ಹಗುರವಾದವಲ್ಲ. ಅವು ಅಧಿಕಾರಿಗಳಿಗೆ ಹೇಳಿದ ಮಾತು. ಎಲ್ಲ ಮನುಷ್ಯರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ, ಅಸೂಯೆ, ಸಿಟ್ಟು, ಆತುರ, ಸೋಮಾರಿತನ ಬಿಟ್ಟು ಕೆಲಸ ಮಾಡಿ, 5 ವರ್ಷಕ್ಕೊಮ್ಮೆ ತಪಾಸಣೆಗೆ ಜನ ಬರುತ್ತಾರೆ ಎನ್ನುತ್ತಾನೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಇವೇ ಎರಡು ಶಾಸನಗಳು ಸಿಕ್ಕಿವೆ. ಚಂದ್ರಲಾಂಬ ದೇವಸ್ಥಾನದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನಲ್ಲಿ ಅವಿದ್ದವು.

ಕಳಿಂಗದಲ್ಲಿ ಪಶ್ಚಾತ್ತಾಪ ಬರೆಸದಿದ್ದುದಕ್ಕೆ ಎರಡು ರೀತಿಯ ವಿವರಣೆ ಕೊಡಬಹುದು. ಒಂದು: ಹೆತ್ತವರನ್ನು ಕಳೆದುಕೊಂಡವರ ಕಣ್ಣೆದುರು "ನಾನು ಒಂದು ಲಕ್ಷ ಜನರನ್ನು ಕೊಲ್ಲಿಸಿದೆ" ಎಂದು ಕೊರೆಸಿದರೆ ಅದು ಬೆದರಿಕೆಯಂತೆ ಕೇಳಿಸುತ್ತದೆ, ಆದ್ದರಿಂದ ಮಾತು ಬಿಟ್ಟು ಆಡಳಿತವನ್ನು ಸರಿಮಾಡಿದ. ಇನ್ನೊಂದು: ಗಾಯ ಕೆದಕಿದರೆ ದಂಗೆಯಾದೀತೆಂಬ ರಾಜಕಾರಣ. ನನ್ನ ಅಭಿಪ್ರಾಯ, ಎರಡೂ ಇದ್ದಿರಬಹುದು. ಒಬ್ಬ ಮನುಷ್ಯನ ಮನಸ್ಸಿನಲ್ಲಿ ಮರುಕವೂ ಲೆಕ್ಕಾಚಾರವೂ ಒಟ್ಟಿಗೆ ಇರಬಲ್ಲವು.

ಇದು ಹಳೆಯ ಕಾಲದ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ರಾಬರ್ಟ್ ಮೆಕ್‌ನಮಾರ 1961ರಿಂದ 1968ರವರೆಗೆ ರಕ್ಷಣಾ ಮಂತ್ರಿಯಾಗಿದ್ದು ವಿಯೆಟ್ನಾಂ ಯುದ್ಧ ನಡೆಸಿದವರು. ನಾವು ತಪ್ಪು ಮಾಡಿದೆವು ಎಂದು ಪುಸ್ತಕ ಬರೆದದ್ದು 1995ರಲ್ಲಿ. ಆ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರೇ 58 ಸಾವಿರಕ್ಕೂ ಹೆಚ್ಚು, ವಿಯೆಟ್ನಾಮಿನ ಜನ ಹತ್ತಾರು ಲಕ್ಷ. ಯುದ್ಧ ನಡೆಯುತ್ತಿದ್ದಾಗಲೇ ಬಾಯಿಬಿಟ್ಟಿದ್ದರೆ ಎಷ್ಟು ಮಕ್ಕಳು ಮನೆಗೆ ಬರುತ್ತಿದ್ದರು ಎಂದು ಹಲವರು ಕೋಪದಿಂದ ಕೇಳಿದರು. ಆ ಕೋಪ ನ್ಯಾಯವಾದದ್ದು. ಆದರೂ ಅವರು ಬಾಯಿ ಬಿಡದೆಯೇ ಸತ್ತಿದ್ದರೆ ಒಳ್ಳೆಯದಿತ್ತೇ? ಇಲ್ಲ. ಮುಂದಿನವರಿಗೆ ಕಲಿಯಲು ಒಂದು ದಾಖಲೆಯೂ ಇರುತ್ತಿರಲಿಲ್ಲ.

ನಮ್ಮ ಕನ್ನಡ ಮನಸ್ಸಿಗೆ ಇನ್ನೊಂದು ಅಳತೆಗೋಲು ಗೊತ್ತು. ಅದು ಶ್ರವಣಬೆಳಗೊಳದಲ್ಲಿ ನಿಂತಿದೆ. ಅಣ್ಣನನ್ನು ಗೆದ್ದ ಗಳಿಗೆಯಲ್ಲಿಯೇ ಬಾಹುಬಲಿಗೆ ಗೆಲುವು ಬೇಡವಾಯಿತು, ಗೆದ್ದ ರಾಜ್ಯವನ್ನು ಭರತನಿಗೇ ಬಿಟ್ಟು ಹೊರಟ. ಅದು ಪುರಾಣ. ಅಶೋಕ ಇತಿಹಾಸದ ಮನುಷ್ಯ, ಅಷ್ಟು ಎತ್ತರಕ್ಕೆ ಏರಲಿಲ್ಲ. ಸಿಂಹಾಸನದ ಮೇಲೆಯೇ ಕುಳಿತು ಕತ್ತಿಯನ್ನು ಒರೆಯಲ್ಲಿಟ್ಟ. ದಾರಿಗಳಲ್ಲಿ ಮರ ನೆಡಿಸಿದ, ಬಾವಿ ತೋಡಿಸಿದ, ಮನುಷ್ಯರಿಗೂ ದನಕರುಗಳಿಗೂ ಔಷಧಿಯ ವ್ಯವಸ್ಥೆ ಮಾಡಿಸಿದ. ಆಮೇಲೆ ಇನ್ನೊಂದು ದೇಶದ ಮೇಲೆ ದಂಡೆತ್ತಿ ಹೋದ ಸುದ್ದಿ ಅವನ ಶಾಸನಗಳಲ್ಲಿ ಇಲ್ಲ. ಇದು ಸಣ್ಣ ಮಾತಲ್ಲ.

ಹಾಗಾದರೆ ತೀರ್ಪೇನು? ಪಶ್ಚಾತ್ತಾಪಪಟ್ಟನೆಂದು ಕಳಿಂಗವನ್ನು ಅಳಿಸುವಂತಿಲ್ಲ. ಕಳಿಂಗ ನಡೆಯಿತೆಂದು ಪಶ್ಚಾತ್ತಾಪವೆಲ್ಲ ನಾಟಕ ಎನ್ನುವಂತೆಯೂ ಇಲ್ಲ. ಜಮೆಯನ್ನು ಜಮೆಯ ಕಡೆ, ಖರ್ಚನ್ನು ಖರ್ಚಿನ ಕಡೆ ಬರೆದು, ಎರಡನ್ನೂ ಒಂದೇ ಪುಟದಲ್ಲಿ ಇಡಬೇಕು. ಒಟ್ಟು ಹಾಕಿ ಸೊನ್ನೆ ಮಾಡಲು ಹೋಗಬಾರದು, ಏಕೆಂದರೆ ಸತ್ತವರ ಪರವಾಗಿ ಸಾಲ ಮನ್ನಾ ಮಾಡುವ ಅಧಿಕಾರ ನಮಗಿಲ್ಲ.

ಈಗ ಚಪಡನ ವಿಷಯಕ್ಕೆ ಬರುತ್ತೇನೆ. ಶಾಸನ ಬರೆದ ಲಿಪಿಕಾರನ ಹೆಸರು 2,200 ವರ್ಷಗಳಿಂದ ಉಳಿದಿದೆ. ಕಳಿಂಗದ ಎರಡೂವರೆ ಲಕ್ಷ ಜನರಲ್ಲಿ ಒಬ್ಬರ ಹೆಸರೂ ಆ ಶಾಸನದಲ್ಲಿ ಇಲ್ಲ. ಅವರು ಸಂಖ್ಯೆಯಾಗಿ ಉಳಿದರು. ನಮ್ಮ ಕೆರೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕೆರೆ ಕಟ್ಟಿಸಿದವಳು ಶಾಂತವ್ವ, ಅದಕ್ಕೇ ಶಾಂತಿಸಾಗರ ಎನ್ನುತ್ತೇವೆ. ಕಥೆಗೆ ಹಲವು ಪಾಠಗಳಿವೆ. ಒಂದರ ಪ್ರಕಾರ, ನೀರಿನಲ್ಲಿ ಮುಳುಗಲಿದ್ದ ಜಾಗ ಸೂಳೆಯರದು. ಜಾಗ ಬಿಡುತ್ತೇವೆ, ಕೆರೆಗೆ ನಮ್ಮ ಹೆಸರಿರಲಿ ಎಂದು ಅವರು ಕರಾರು ಹಾಕಿದರು. ಕಾಗದದಲ್ಲಿ ಶಾಂತಿಸಾಗರವಾದರೂ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ನಾವು ಸೂಳೆಕೆರೆ ಎಂದೇ ಹೇಳುತ್ತೇವೆ. ಈ ಹೆಸರು ಹೇಳಲು ನಾಚಿಕೊಳ್ಳುವವರಿದ್ದಾರೆ. ನಾಚಿಕೆ ಬೇಡ. ಕಳೆದುಕೊಂಡವರ ಹೆಸರನ್ನು ಕಟ್ಟಿಸಿದವರ ಹೆಸರಿನ ಜೊತೆಗೆ ಉಳಿಸಿಕೊಂಡ ಊರು ನಮ್ಮದು.

ಮಕ್ಕಳೆ, ಮುಂದಿನ ಪರೀಕ್ಷೆಯಲ್ಲಿ ಅಶೋಕನ ಬಗ್ಗೆ ಬರೆಯುವಾಗ ಪಶ್ಚಾತ್ತಾಪಪಟ್ಟನು ಎಂದು ಖಂಡಿತ ಬರೆಯಿರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಕಳಿಂಗವನ್ನು ಹಿಂದಿರುಗಿಸಲಿಲ್ಲ. ಗುರುಗಳು ಅಂಕ ಕಡಿಮೆ ಮಾಡಲಾರರು ಎಂಬ ನಂಬಿಕೆ ನನಗಿದೆ. ಶಿಕ್ಷಕರಲ್ಲಿ ನನ್ನ ವಿನಂತಿ, ಈ ವರ್ಷದ ಪ್ರವಾಸದಲ್ಲಿ ಬ್ರಹ್ಮಗಿರಿಯನ್ನೂ ಸೇರಿಸಿ. ಆ ಬಂಡೆಯ ಮುಂದೆ ಮಕ್ಕಳು ಹತ್ತು ನಿಮಿಷ ಕೂರಲಿ. ಊರಿನ ಹಿರಿಯರಲ್ಲಿ ಕೇಳಿಕೊಳ್ಳುವುದಿಷ್ಟೆ: ಯಾರಾದರೂ ತಪ್ಪೊಪ್ಪಿಕೊಂಡು ಬಂದರೆ ಅವನನ್ನು ಹೀಯಾಳಿಸಬೇಡಿ, ಕೂರಿಸಿ ನೀರು ಕೊಡಿ. ಆಮೇಲೆ ಬದುವಿನ ವಿಷಯವನ್ನೂ ಮರೆಯದೆ ಕೇಳಿ.